ಕೀಲಿಕೈ

ಬಲ್ಲರಾಟ್‌ನ ಈ ಶಾಲೆಯಲ್ಲಿ ನನ್ನ ಸೊಂಟಕ್ಕೆ
ಹದಿನೇಳು ಕೀಲಿಕೈ.
ಗ್ರಂಥಾಲಯದ್ದು, ಚೆಂಡು ಬ್ಯಾಟು ಇಡುವ ಕೋಣೆಯದ್ದು,
ಯಾವುದಕ್ಕೆಂದು ಯಾರಿಗೂ ಗೊತ್ತಿಲ್ಲದ ತುಕ್ಕಿನದೊಂದು.
ನಡೆದರೆ ಗಲಗಲ. ಮುಖ ಕಾಣುವ ಮೊದಲೇ
ಬಂದಳು ನೋಡು ಎನ್ನುತ್ತಾರೆ ಮಕ್ಕಳು.

ಜುಲೈ ತಿಂಗಳ ಚಳಿ. ಮೈದಾನದ ಹುಲ್ಲು
ಹತ್ತು ಗಂಟೆಯಾದರೂ ಬಿಳಿ.
ಪಡಸಾಲೆಯಲ್ಲಿ ಮಾಪು ಹಿಂಡುತ್ತಿದ್ದೆ. ಐದನೇ ತರಗತಿಯ ಬಾಗಿಲು ತೆರೆದಿತ್ತು.
ಟೀಗನ್ ಹ್ಯಾಲೊರನ್ ಎದ್ದು ನಿಂತು ಭಿನ್ನರಾಶಿ ಓದುತ್ತಿದ್ದವಳು
ಮೂರು ಎಂದಳು.
ನಾಲ್ಕು ಬಾಯಿಗೆ ಬರಲಿಲ್ಲ.

ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಯಾಕೆಂದರೆ ಗಂಗಾವತಿಯ ಸಾಲಿಯಲ್ಲಿ
ಹುಲಿಗೆಮ್ಮ ಹೀಗೇ ಬಿದ್ದಾಗ
"ಕಬ್ಬಣ ಕೊಡ್ರೋ, ಕಬ್ಬಣ!" ಅಂತ ಕೂಗಿ
ಮಾಸ್ತರು ತಮ್ಮ ಸೈಕಲ್ಲಿನ ಕೀಲಿಕೈಯನ್ನೇ
ಅವಳ ಮುಷ್ಟಿ ಬಿಡಿಸಿ ತುರುಕಿದ್ದರು.
ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು.
ಯಾರೋ ಹಲ್ಲಿನ ನಡುವೆ ಚಮಚ.
ಕೆಟ್ಟವರಲ್ಲ ಯಾರೂ. ಗಾಬರಿಬಿದ್ದ ಕೈಗೆ ಕೆಲಸ ಬೇಕಿತ್ತು.
ಮುಂದಿನ ಸೋಮವಾರ ಅವಳು ಕೂರುವಲ್ಲಿ
ಬೇರೆಯವಳ ಪಾಟಿಚೀಲ.
ಆ ಕೀಲಿಕೈ ಏನನ್ನೂ ತೆರೆಯಲಿಲ್ಲ,
ಸಾಲಿಯ ಬಾಗಿಲನ್ನು ಹಾಕಿತು, ಅಷ್ಟೇ.

ಇಲ್ಲಿ ಫೆಬ್ರವರಿಯಲ್ಲಿ ನರ್ಸ್ ಬಂದು
ಹೆಡ್‌ಮಾಸ್ತರರಿಂದ ಹಿಡಿದು ನೆಲ ಒರೆಸುವ ನನ್ನವರೆಗೆ
ಎಲ್ಲರನ್ನೂ ಚಿಕ್ಕ ಮಕ್ಕಳ ಕುರ್ಚಿಗಳಲ್ಲಿ ಕೂರಿಸಿ
ಹೇಳಿದ್ದು ಬಹುಪಾಲು ಬೇಡಗಳು:
ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ಇಡಬೇಡಿ.
ನೀರು ಬೇಡ. ಗುಂಪು ಬೇಡ.
ಬೇಕಾದದ್ದು ಗಡಿಯಾರ, ತಲೆಯಡಿಗೆ ಮೆತ್ತನೆಯದೊಂದು.

ಗೊಂಚಲು ಬಿಟ್ಟೆ.
ಮಿಸ್ ಡ್ರಿಸ್ಕಲ್ ಆಗಲೇ ಮೇಜು ಸರಿಸಿ
ತನ್ನ ಕಾರ್ಡಿಗನ್ ಮಡಚಿ ತಲೆಯಡಿ ತೂರಿಸಿದ್ದಳು.
ಹುಡುಗಿಯ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು
"ಹೊತ್ತು ನೋಡುತ್ತೀಯಾ?" ಎಂದಳು.
ಮಕ್ಕಳು ಕಲಿತ ಹಾಗೆ ಎದ್ದು ಹೊರಟರು.
ಇಬ್ಬರಿಗೆ ಅಳು. ಒಬ್ಬ ಪೆನ್ಸಿಲ್ ಡಬ್ಬಿ ಬೀಳಿಸಿದ.
ಸದಾ ಬೈಸಿಕೊಳ್ಳುವ ಲಾಕ್ಲನ್
ಬಾಗಿಲಿಗೆ ಅಡ್ಡ ನಿಂತ, ತೋಳು ಚಾಚಿ,
ಯಾರೂ ಇಣುಕಬಾರದೆಂದು,
ತಾನೂ ಇತ್ತ ತಿರುಗದೆ.

ಹತ್ತು ಗಂಟೆ ಹನ್ನೆರಡು ನಿಮಿಷ.
ಎಣಿಸಲು ನನ್ನ ಇಂಗ್ಲಿಷ್ ಸಾಲುವುದಿಲ್ಲ.
ಅಂಗಡಿಗೆ, ಬ್ಯಾಂಕಿಗೆ ಸಾಲುತ್ತದೆ; ಇದಕ್ಕಿಲ್ಲ.
ನಲವತ್ತೊಂದು, ನಲವತ್ತೆರಡು.
ನೆಲಕ್ಕೆ ಬಡಿಯುವ ಹಿಮ್ಮಡಿ ನನ್ನ ಎಣಿಕೆಗಿಂತ ಬೇಗ.
ತುಟಿ ನೀಲಿ. ನೂರು.
ಐದು ನಿಮಿಷ ದಾಟಿದರೆ
ಕೆನ್ನೆಯೊಳಗೆ ಹಾಕುವ ಔಷಧಿ, ಆಂಬುಲೆನ್ಸಿಗೆ ಫೋನು.
ಕೆಂಪು ಚೀಲ ಮೇಜಿನ ಮೇಲೆ ಬಾಯಿ ತೆರೆದು ಕೂತಿದೆ.
ಮುನ್ನೂರು ಇಷ್ಟು ದೂರದ ಸಂಖ್ಯೆ ಎಂದು
ಯಾವ ಮಗ್ಗಿಯೂ ಹೇಳಿರಲಿಲ್ಲ.
ನೂರಾ ಅರವತ್ತು. ನೂರಾ ತೊಂಬತ್ತು.

ಇನ್ನೂರಾ ಏಳಕ್ಕೆ ಹಿಮ್ಮಡಿ ನಿಂತಿತು.
ಆಮೇಲೊಂದು ಗೊರಕೆ.
ಅಷ್ಟು ಚೆಂದದ ಗೊರಕೆ ನಾನು ಕೇಳಿಲ್ಲ.
ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದೆವು.

ಎಚ್ಚರಾದವಳು ಬಾಕಿ ಉಳಿದ ನಾಲ್ಕನ್ನು ಹೇಳಲಿಲ್ಲ;
ಕತೆಗಳಲ್ಲಿ ಹೇಳುತ್ತಾರೆ.
ಒದ್ದೆ ಸ್ಕರ್ಟು ಮುಟ್ಟಿ ನೋಡಿಕೊಂಡು
"ಯಾರು ನೋಡಿದರು?" ಎಂದಳು.
"ನಾವಿಬ್ಬರೇ."
ಕೆಂಪು ಚೀಲದ ತಳದಲ್ಲಿ ಅವಳದೇ ಇನ್ನೊಂದು ಜೊತೆ ಬಟ್ಟೆ,
ಅಮ್ಮ ಮಡಚಿಟ್ಟದ್ದು.
ನಾನು ನೆಲ ಒರೆಸಿದೆ. ಅದು ನನ್ನ ಕೆಲಸ,
ನೀರು ಚೆಲ್ಲಿದ್ದನ್ನು ಒರೆಸಿದ ಹಾಗೆ ಒರೆಸುವುದೂ.

ಊಟದ ನಂತರ ವಾಪಸ್ ಬಂದಳು, ನಿದ್ದೆಗಣ್ಣು.
ಅವಳ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

ಸಂಜೆ ಕೋಣೆಗಳಿಗೆ ಕೀಲಿ ಹಾಕುತ್ತ ಬಂದೆ.
ಐದನೇ ತರಗತಿಯ ಬೋರ್ಡಿನಲ್ಲಿ ಅರ್ಧ ಲೆಕ್ಕ,
ಪಕ್ಕಕ್ಕೆ ಟೀಚರ ಅಕ್ಷರ: ಒರೆಸಬೇಡಿ, ನಾಳೆ ಟೀಗನ್ ಮುಂದುವರಿಸುತ್ತಾಳೆ.

ಹುಲಿಗೆಮ್ಮನಿಗೆ ಈಗ ನಲವತ್ತಾರು.
ನನ್ನಷ್ಟೇ.
ತುಕ್ಕಿನ ಕೀಲಿಕೈಯೊಂದನ್ನು ಹಿಡಿದು
ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ನಿಂತಿದ್ದೆ.