ಹುಕ್ಕು ಒಂದೇ ಬಾಕಿ

ರಿಪ್ಪನ್‌ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ,
ಹೈಸ್ಕೂಲಿನ ಎದುರು, ಸೈಕಲ್ ಶಾಪಿನ ಪಕ್ಕ.
ನಾಲ್ಕು ಇಪ್ಪತ್ತಕ್ಕೆ ಬಸ್ಸು ಹೊರಡುತ್ತದೆ.
ನಾಲ್ಕೂವರೆಗೆ ಸ್ಕೂಲಿನ ಗಂಟೆ.
ನಡುವೆ ಹತ್ತು ನಿಮಿಷ. ಅಷ್ಟೇ ನನ್ನ ಅಹವಾಲು.

ಮುಂದಿನ ಬಸ್ಸು ಆರೂಕಾಲಿಗೆ. ಅಲ್ಲಿಯವರೆಗೆ
ಏಳು ಹುಡುಗಿಯರು ನನ್ನ ಬೆಂಚಿನ ಮೇಲೆ,
ಚೂರುಬಟ್ಟೆ ಹರಿದು ಜಡೆಗೆ ಪಟ್ಟಿ ಕಟ್ಟುತ್ತ,
ಕಣ್ಣು ಮಂಜಾದ ನನಗೆ
ಸೂಜಿಗೆ ದಾರ ಪೋಣಿಸಿಕೊಡುತ್ತ.
ಡಿಸೆಂಬರಿನಲ್ಲಿ ಅವರು ಬಸ್ಸಿಳಿಯುವಾಗ ಪೂರಾ ಕತ್ತಲು.

ಬರೆದೆ. ಗೆರೆಹಾಳೆಯ ಮೇಲೆ, ಮಾನ್ಯ ಶಾಸಕರಿಗೆ,
ಐದು ರೂಪಾಯಿ ಸ್ಟಾಂಪು ಹಚ್ಚಿ.
ಆಮೇಲೆ ರಿಜಿಸ್ಟರ್ ಮಾಡಿದೆ, ರಸೀದಿಯನ್ನು
ಬಾಬಿನ್ ಡಬ್ಬಿಯಲ್ಲಿಟ್ಟೆ.
ಫೋನಿಗೆ ಒಬ್ಬ ಹುಡುಗ ಸಿಗುತ್ತಿದ್ದ, ಒಳ್ಳೆಯವನೇ,
"ಸಾಹೇಬ್ರು ಮೀಟಿಂಗಲ್ಲಿದಾರೆ ಅಮ್ಮ."
ಒಮ್ಮೆ ಅವನ ಹಿಂದೆ ಕುಕ್ಕರ್ ಕೂಗಿತು.
ಮೀಟಿಂಗಿನಲ್ಲಿ ಏನು ಬೇಯುತ್ತಿದೆ ಅಂತ ಕೇಳಲಿಲ್ಲ.

ವಾಟ್ಸಾಪಿನಲ್ಲಿ ಎರಡೂ ಗೆರೆ ನೀಲಿಯಾದ ಸಂಜೆ
ಬೆಂಚು ಮುರಿಯುವ ಹಾಗೆ ಕುಣಿದವು ಹುಡುಗಿಯರು.
ಮರುದಿನ ಬಂತು:
ಒಂದು ಗುಲಾಬಿ ಹೂವು. ಶುಭೋದಯ.

ಬೈಯಬೇಕು ಅನಿಸಿದ್ದು ಸುಳ್ಳಲ್ಲ. ಆದರೆ
ಯಾವ ಬಾಯಲ್ಲಿ ಬೈಯಲಿ?
ನಾಳೆ ಮದುವೆ ಅಂತ ಓಡಿಬಂದವಳಿಗೆ
"ಆಯ್ತಲ್ಲ ಮಾರಾಯ್ತಿ, ಹುಕ್ಕು ಒಂದೇ ಬಾಕಿ" ಅನ್ನುವಾಗ
ಅವಳ ರವಿಕೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ.
ಮೂವತ್ತು ವರ್ಷದಿಂದ ಇದೇ ಬಾಯಿ.
ಆದರೂ ಒಂದು ವ್ಯತ್ಯಾಸ ಉಂಟು: ಅವಳು
ನನ್ನ ಮೆಟ್ಟಿಲ ಮೇಲೆ ಕೂತೇಬಿಡುತ್ತಾಳೆ.
ಅವಳ ಬೆನ್ನು ನೋಡುತ್ತ ನೋಡುತ್ತ
ಹೊಲಿಯದೆ ನನಗೆ ಗತಿಯಿಲ್ಲ.

ಸುಹಾನಾಳ ಯೂನಿಫಾರ್ಮಿನ ಅಂಚನ್ನು
ಎಂಟನೇ ಕ್ಲಾಸಿನಲ್ಲಿ ಒಮ್ಮೆ ಬಿಚ್ಚಿ ಇಳಿಸಿದೆ,
ಒಂಬತ್ತರಲ್ಲಿ ಇನ್ನೊಮ್ಮೆ.
ಇಳಿಸಲು ಬಟ್ಟೆ ಮುಗಿದ ವರ್ಷ ಉತ್ತರ ಬಂತು.
ದಪ್ಪ ಕಾಗದ, ತಲೆಯ ಮೇಲೆ ಮುದ್ರೆ.
"ಶ್ರೀ ಫಿಲೋಮಿನಾ ಡಿಸೋಜ ಅವರಿಗೆ.
ತಮ್ಮ ಮನವಿಯಂತೆ ಹಾರೆಗೊಪ್ಪದ ಸ್ಮಶಾನದ ದಾರಿಗೆ
ಮೋರಿ ಹಾಕಿಸಲು ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ."

ನನಗೆ ಸ್ಮಶಾನದ ಅವಸರ ಇಲ್ಲ.
ಇದ್ದರೂ ನಮ್ಮದು ಚರ್ಚಿನ ಹಿಂದೆ, ದಾರಿ ಚೆನ್ನಾಗಿದೆ.
ನಕ್ಕು ಮಡಿಸಿ ಇಡಬಹುದಿತ್ತು. ಆದರೆ
ಯಾರದೋ ಅಳತೆಯ ಬಟ್ಟೆ ನನ್ನ ಕೈಗೆ ಬಂದಿದೆ.
ಅವರು ಎಲ್ಲೋ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಭಾನುವಾರ ಪೂಜೆ ಮುಗಿಸಿ ಹಾರೆಗೊಪ್ಪಕ್ಕೆ ಹೋದೆ.
ಮೋರಿ ಅಂದದ್ದೇ, ಎಲ್ಲರೂ ಒಂದೇ ಮನೆ ತೋರಿಸಿದರು.
ಕೆರಿಯಪ್ಪ. ನಾಲ್ಕು ವರ್ಷದಿಂದ ಬರೆಯುತ್ತಿದ್ದಾರಂತೆ,
ಹೆಂಡತಿಯ ಚಟ್ಟವನ್ನು ಸೊಂಟಮಟ್ಟ ನೀರಿನಲ್ಲಿ
ದಾಟಿಸಿದ ಮರುದಿನದಿಂದ.

ಕನ್ನಡಕ ಹಾಕಿ ಓದಿದರು. ಒರೆಸಿ ಮತ್ತೆ ಓದಿದರು.
"ಸೂಚಿಸಲಾಗಿದೆ" ಅನ್ನುವ ಶಬ್ದದ ಮೇಲೆ ಬೆರಳಿಟ್ಟು
"ಯಾರು ಸೂಚಿಸಿದ್ದು ಅಂತ ಇಲ್ಲವಲ್ಲ" ಅಂದರು.
ಬಸ್ಸಿನ ಕತೆ ಹೇಳಿದೆ. ಪೆಟ್ಟಿಗೆ ತೆಗೆದು
ತಮ್ಮ ಕಾಗದಗಳನ್ನೆಲ್ಲ ಒಂದೊಂದೇ ತಿರುವಿ ನೋಡಿದರು.
"ನಿಮ್ಮದು ನನಗೆ ಬಂದಿಲ್ಲ ಕಣಮ್ಮ,
ಬಂದಿದ್ರೆ ನಾನೇ ತಂದುಕೊಡ್ತಿದ್ದೆ."

ಈ ಸಲ ಒಂದೇ ಹಾಳೆ. ಮೇಲೆ ಮೋರಿ, ಕೆಳಗೆ ಬಸ್ಸು,
ಎರಡು ಸಹಿ. ಅಂಚೆಗೆ ಹಾಕುವುದಿಲ್ಲ.
ನಾಳೆ ಬೆಳಿಗ್ಗೆ ಅವರ ಆಫೀಸಿನ ಮೆಟ್ಟಿಲ ಮೇಲೆ
ಕೆರಿಯಪ್ಪ ಒಂದು ತುದಿ, ನಾನೊಂದು ತುದಿ.
ಹುಡುಗಿಯರಿಗೆ ಸ್ಕೂಲಿದೆ, ಬರುವುದು ಬೇಡ ಅಂದಿದ್ದೇನೆ.
ಅಂಗಡಿಯ ಬೀಗದಕೈ ಸುಹಾನಾಳ ಹತ್ತಿರ ಇದೆ.
ಹೊತ್ತು ಹೋಗಲಿ ಅಂತ ಕೈಹೊಲಿಗೆಯ ಚೀಲ ಕಟ್ಟಿಕೊಂಡೆ:
ನಾಲ್ಕು ರವಿಕೆ.
ಈ ನಾಲ್ಕಕ್ಕೆ ಮಾತ್ರ ನಿಜಕ್ಕೂ
ಹುಕ್ಕು ಒಂದೇ ಬಾಕಿ.