ಹ್ಞೂಂ ಅಂದದ್ದು

ಚೌಕಿಪೇಟೆಯ ಮೆಣಸಿನಕಾಯಿ ಘಾಟಿಗೆ
ಸೀನುತ್ತಲೇ ಮೆಟ್ಟಿಲು ಹತ್ತಿದೆ.
ಶಫೀವುಲ್ಲಾ ಸಾಹೇಬರ ಪ್ರೆಸ್ಸಿನಲ್ಲಿ
ಬೆಳಗಾದರೆ ಕೊಡಬೇಕು ಐನೂರು ಲಗ್ನಪತ್ರಿಕೆ.
ಪರದೆಯ ಮೇಲೆ ವಧುವಿನ ಹೆಸರು ತುಂಡುತುಂಡು:
ದಾ ಒಂದು ಕಡೆ, ಕಾ ಒಂದು ಕಡೆ,
ಷಕಾರದ ಒತ್ತು ಕೆಳಗಿಳಿಯಲೊಲ್ಲದೆ
ಹರಿಹರದ ಬಸ್ಸು ತಪ್ಪಿದವನ ಹಾಗೆ
ಪಕ್ಕದಲ್ಲಿ ನಿಂತುಬಿಟ್ಟಿದೆ.

"ನಿನ್ನೆ ತನಕ ನೆಟ್ಟಗಿತ್ತಲ್ರೀ" ಅಂದರು ಸಾಹೇಬರು.
ಲೆಕ್ಕ ಬರೆಯುವ ತಿಪ್ಪೇಶಿ ಗೋಡೆಗೆ ಅಂಟಿಕೊಂಡಿದ್ದ.
"ಬಿಲ್ಲಿಂದು ಹೊಸ ಸಾಫ್ಟ್‌ವೇರ್ ಹಾಕಿದೆ ಸಾರ್,
ಬರೀ ಅದೊಂದೇ.
ಕನ್ನಡದ್ದು ಮುಟ್ಟೇ ಇಲ್ಲ, ನಮ್ಮವ್ವನಾಣೆ."
"ಮಧ್ಯೆ ಏನಾರ ಕೇಳ್ತಾ?"
"ಕೇಳ್ತು. ಇಂಗ್ಲಿಷಲ್ಲಿ, ಉದ್ದಕ್ಕೆ.
ಹ್ಞೂಂ ಅಂದೆ."

ಯಾರು ತಾನೆ ಅನ್ನುವುದಿಲ್ಲ.

ಹೊಸದಾಗಿ ಬಂದದ್ದು ತನ್ನ ಬುತ್ತಿ ತಾನೇ ತಂದಿರುತ್ತದೆ,
ಬಿಚ್ಚುವುದು ಮಾತ್ರ ಎಲ್ಲರ ಅಡುಗೆಮನೆಯಲ್ಲಿ.
ಸಿಸ್ಟಮ್ ಎಂಬ ಫೋಲ್ಡರು ತೆರೆದೆ,
ಸಾವಿರದ ಮುನ್ನೂರು ಫೈಲು, ಒಂದಕ್ಕೂ ಮನೆತನವಿಲ್ಲ.
ದಿನಾಂಕ ಬರೆಯುವುದೊಂದು, ಅಕ್ಷರ ಕೂಡಿಸುವುದೊಂದು,
ಕರೆದವರಿಗೆಲ್ಲ ಓಗೊಡುವ ಬಡಪಾಯಿಗಳು.
ಇದ್ದದ್ದು ತೊಂಬತ್ತೊಂಬತ್ತರದು.
ಬಿಲ್ಲು ತಂದದ್ದು ತೊಂಬತ್ತೇಳರದು.
ಹೆಸರು ಒಂದೇ ಆದ್ದರಿಂದ
ಹೊಸದರ ಜಾಗದಲ್ಲಿ ಹಳೆಯದು ಬಂದು ಕೂತಿದೆ.

ಹಳೇಪೇಟೆಯಲ್ಲಿ ನಾವಿದ್ದ ವಠಾರಕ್ಕೆ
ಆರು ಮನೆ, ಒಂದು ಒರಳು.
ಯಾರದೆಂದು ಯಾರೂ ಕೇಳಿರಲಿಲ್ಲ.
ಮೂಲೆಮನೆಗೆ ಹೊಸದಾಗಿ ಬಂದ ಕೊಟ್ರಮ್ಮ
ಕಲ್ಲು ನುಣುಪಾಗಿದೆ, ಉದ್ದು ಅರೆಯುವುದಿಲ್ಲವೆಂದು
ತನ್ನ ದುಡ್ಡಲ್ಲೇ ಉಳಿಪೆಟ್ಟು ಹಾಕಿಸಿದಳು.
ವಾರವಿಡೀ ಐದು ಮನೆಯ ಚಟ್ನಿಯಲ್ಲಿ ಹರಳು.
ಅವ್ವ ಬೀದಿಗೆ ಕೇಳುವಂತೆ ಬೈದಳು.
ತಿಂಗಳಾದ ಮೇಲೆ, ನನ್ನೊಬ್ಬನಿಗೇ ಕೇಳುವಂತೆ,
"ಒರಳೇನೋ ಚೆನ್ನಾಗೈತಿ" ಅಂದಳು.

ಫ್ಲಾಪಿಯಿಂದ ತೊಂಬತ್ತೊಂಬತ್ತರದನ್ನು ಇಳಿಸಿದೆ.
ಯಂತ್ರ ಮಲಗಿ ಎದ್ದಿತು.
ಷಕಾರ ತಲೆತಗ್ಗಿಸಿ ಕಕಾರದ ಕೆಳಗೆ ಹೋಯಿತು,
ದಾಕ್ಷಾಯಣಿ ಒಂದಾದಳು.
ಬಿಲ್ಲು ಈಗ ತೆರೆಯಲೊಲ್ಲದು!
ಇರಲಿ ಎಂದು ಅದರ ಹಳೆಯ ಫೈಲನ್ನು
ಅದರದೇ ಫೋಲ್ಡರಿನೊಳಗೆ ಬೇರೆ ಇಟ್ಟುಕೊಟ್ಟೆ.
ಬೇರೆ ಒರಳು, ಬೇರೆ ಚಟ್ನಿ.
ಎರಡೂ ನಡೆದವು.
ಯಾಕೋ ಪೂರ್ತಿ ಖುಷಿಯಾಗಲಿಲ್ಲ.

ಕೊನೆಗೆ, ಯಾರೋ ಎಂದೋ ಹಾಕಿದ್ದ ಇಸ್ಪೀಟಾಟ ತೆಗೆಯುವಾಗ
ಯಂತ್ರವೇ ಮತ್ತೆ ಕೇಳಿತು:
ಈ ಫೈಲನ್ನು ಇನ್ನಾರೂ ಬಳಸುತ್ತಿರುವಂತೆ ಕಾಣುವುದಿಲ್ಲ,
ಅಳಿಸಲೇ?
ತಿಪ್ಪೇಶಿಯ ಬೆರಳು ಆಗಲೇ ಹೊರಟಿತ್ತು.
"ತಡಿ. ಕಾಣುವುದಿಲ್ಲ ಅಂತೈತಿ. ಇಲ್ಲ ಅಂದಿಲ್ಲ.
ಮೊದಲು ಓದು."

ಅವನು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ.
ಕೆಳಗೆ ಮೂಟೆ ಇಳಿಸುತ್ತಿದ್ದರು,
ಸಾಹೇಬರು ಸೀನಿದರು,
ನಾನೂ.