ತೊಟ್ಟಿನ ಲೆಕ್ಕ

ಕುರುಗೋಡು ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ನಾನು ಚೀಟಿ ಬರೆಯುವವನು.
ಒಳಗೆ ಬಂದ ಚೀಲಕ್ಕೊಂದು, ಹೊರಗೆ ಹೋದದ್ದಕ್ಕೊಂದು.
ನಡುವೆ ಚೀಲ ಏನು ಕನಸು ಕಂಡಿತು
ಅನ್ನುವುದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಬಳ್ಳಾರಿಗೆ ಎರಡೇ ಕಾಲ, ಎರಡೂ ಬೇಸಿಗೆ
ಅನ್ನುವವರು ನಮ್ಮ ಮೂರನೇ ಮಾಳಿಗೆ ನೋಡಿಲ್ಲ.
ಅಲ್ಲಿ ಮಾರ್ಚಿಯಿಂದ
ಕಂಬಳಿಯಿಲ್ಲದೆ ಮಲಗಿದೆ ಮೆಣಸಿನಕಾಯಿ.

ಗಾದಿಲಿಂಗಪ್ಪನವು ಇನ್ನೂರ ಹನ್ನೆರಡು ಚೀಲ.
ಅಮಾವಾಸ್ಯೆಗೊಮ್ಮೆ ಬರುತ್ತಾನೆ,
ಆಸ್ಪತ್ರೆಯಲ್ಲಿರುವ ಬೀಗರನ್ನು ನೋಡಲು ಬಂದಂತೆ.
ಕೈಯಲ್ಲಿ ಬಾಳೆಹಣ್ಣಿರುವುದಿಲ್ಲ, ಅಷ್ಟೆ.
"ಹ್ಯಾಂಗದಾವ?"
"ತಣ್ಣಗದಾವ."
ಬ್ಯಾಡಗಿಯ ರೇಟು ಫೋನಿನಲ್ಲಿ ಕೇಳುತ್ತಾನೆ,
ಗುಂಟೂರಿನದನ್ನು ಅಳಿಯನ ಬಳಿ ತೆಲುಗಿನಲ್ಲಿ ಕೇಳುತ್ತಾನೆ,
ಎರಡನ್ನೂ ನಂಬುವುದಿಲ್ಲ.
ಸಾಲಗಾರನಲ್ಲ ಅವನು. ಮಾರಲೇಬೇಕೆಂಬ ತುರ್ತಿಲ್ಲ.
ತುರ್ತಿಲ್ಲದವನ ಸಂಕಟವೇ ಬೇರೆ:
ನಾಳೆ ಅನ್ನುವುದು ದಿನಾ ಅವನ ಕಟ್ಟೆಗೆ ಬಂದು ಕೂತು
ಇನ್ನೊಂದು ಸಾವಿರ, ಇನ್ನೊಂದು ಸಾವಿರ ಅನ್ನುತ್ತದೆ.

ಕಾಯಿ ಕೆಂಪಾದದ್ದು ಸಿರಿಗೇರಿ ಸೀಮೆಯ ಎರೆಯಲ್ಲಿ.
ಬೆಲೆ ಹುಟ್ಟುವುದು ಬ್ಯಾಡಗಿಯ ಟೆಂಡರಿನ ಪರದೆಯಲ್ಲಿ.
ನಡುವೆ ಒಂದು ರಾತ್ರಿಯ ಲಾರಿ, ಹಮಾಲಿ, ದಲಾಲಿ,
ಡ್ರೈವರನ ಚಹಾ, ಹಗ್ಗ, ತಾಡಪಾಲು.
ಆ ರಾತ್ರಿಯುದ್ದಕ್ಕೂ
ಕಾಯಿಗೆ ತನ್ನ ಹೆಸರೇ ಗೊತ್ತಿರುವುದಿಲ್ಲ.

ಷೆಡ್ಡಿನಲ್ಲಿ ಎರ್ರೆಮ್ಮ ತೊಟ್ಟು ಮುರಿಯುತ್ತಾಳೆ.
ಕಿಲೋಕ್ಕೆ ಇಷ್ಟೆಂದು ಕೂಲಿ. ಕಾಯಿಯ ಕಿಲೋ ಅದು.
ತೊಟ್ಟಿನ ಕಿಲೋ ತುಂಬಿಸುವುದಕ್ಕೆ ಕೂತರೆ
ಒಂದು ಆಯುಷ್ಯ ಸಾಲದು.
ಬೆರಳಿಗೆ ಹರಳೆಣ್ಣೆ, ಎಣ್ಣೆಯ ಮೇಲೆ ಹಳೇ ಸೀರೆಯ ಚಿಂದಿ.
ಮನೆಯಲ್ಲಿ ಮೊಮ್ಮಗಳು ಅತ್ತರೆ ಕಣ್ಣೊರೆಸುವುದಿಲ್ಲ,
ಮೊಣಕೈಯಿಂದ ತಲೆ ಸವರುತ್ತಾಳೆ.
ಎರ್ರೆಮ್ಮ ಅಂದರೆ ತೆಲುಗಿನಲ್ಲಿ ಕೆಂಪಮ್ಮ.
ಹೆಸರಿಟ್ಟವರಿಗೆ ಏನು ಗೊತ್ತಿತ್ತೋ.

ಮೊನ್ನೆ ಕಂಪನಿಯ ಹುಡುಗ ಬಂದ.
ಗಾದಿಲಿಂಗಪ್ಪನ ಒಂದು ಚೀಲ ಬಿಚ್ಚಿಸಿ
ಹಿಡಿಕಾಯಿ ಪುಡಿ ಮಾಡಿ, ಸೀಸೆಯಲ್ಲಿ ಕಲಕಿ,
ಬೆಳಕಿಗೆ ಹಿಡಿದು ಒಂದು ಅಂಕ ಬರೆದ.
"ನಮಗ ಖಾರ ಬ್ಯಾಡ, ಬಣ್ಣ ಬೇಕು.
ಎಣ್ಣಿ ತಗದು ಹಡಗಿಗೆ ಹಾಕ್ತೀವಿ,
ತುಟಿಗೆ ಹಚ್ಚೋದಕ್ಕೂ ಹೋಗ್ತೈತಿ."
ಎರ್ರೆಮ್ಮ ತಲೆಯೆತ್ತಿದಳು:
"ಮತ್ತ ಖಾರಾನ ಏನ್ ಮಾಡ್ತೀರಪ್ಪಾ?"
ಹುಡುಗನಿಗೆ ಈ ಪ್ರಶ್ನೆ ಯಾರೂ ಕಲಿಸಿರಲಿಲ್ಲ.
"ಈ ಜಾತಿ ಕಾಯಾಗ ಅದು ಇರೋದ ಕಡಿಮಿ" ಅಂದ.
ಅವಳು ಚಿಂದಿ ಬಿಚ್ಚಿ ಎರಡೂ ಅಂಗೈ ತೋರಿಸಿದಳು.
ಹುಡುಗ ಸೀಸೆಯ ಮುಚ್ಚಳ ತಿರುಗಿಸಿದ,
ಆಗಲೇ ಬಿಗಿಯಾಗಿದ್ದರೂ.

ಅಂಕ ಇಳಿದಿತ್ತು.
ಐದು ತಿಂಗಳ ಕತ್ತಲಲ್ಲಿ ಕೆಂಪು ಒಂದಿಷ್ಟು ಹೊರಟುಹೋಗಿತ್ತು,
ಬೀಗ ಹಾಕಿದ ಬಾಗಿಲಿಂದ, ನನ್ನ ಚೀಟಿಯಿಲ್ಲದೆ.

ಗಾದಿಲಿಂಗಪ್ಪ ಬಹಳ ಹೊತ್ತು ನಿಂತ.
ಫೋನು ತೆಗೆದ, ಒತ್ತಲಿಲ್ಲ.
"ಕೊಟ್ಟುಬಿಡ್ಲೇನಬೇ?" ಅಂದ,
ಎರ್ರೆಮ್ಮನಿಗೋ, ಚೀಲಕ್ಕೋ.
"ನನ್ನ ಯಾಕ ಕೇಳ್ತಿ ಗೌಡಾ,
ಏರಿದ್ರೂ ಇಳಿದ್ರೂ ನನಗ ಅದ ರೊಕ್ಕ."
ಅವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು,
ಕೆಮ್ಮಿನ ಹಿಂದೆ ಸೀನು.
ಅರ್ಧ ಮಾರಿದ. ಇನ್ನರ್ಧವನ್ನು ನಾಳೆಗೆ ಬಿಟ್ಟ.

ಮರುದಿನದ ರೇಟು ಕೇಳಬೇಡಿ.
ಏರಿದ್ದರೆ ಮಾರಿದ ಅರ್ಧ ನಿದ್ದೆಗೆಡಿಸುತ್ತದೆ,
ಇಳಿದಿದ್ದರೆ ಮಾರದ ಅರ್ಧ.

ಸಂಜೆ ಎರ್ರೆಮ್ಮ ಷೆಡ್ಡು ಗುಡಿಸಿ
ಬಿದ್ದ ಮೂರು ಕಾಯಿ ಸೆರಗಿಗೆ ಕಟ್ಟಿಕೊಂಡಳು.
ಮೊಮ್ಮಗಳಿಗೆ ದೃಷ್ಟಿಯಂತೆ.
ನಿವಾಳಿಸಿ ಒಲೆಗೆ ಹಾಕಿದರೆ
ಘಾಟು ಬಾರದಿದ್ದರೆ ದೃಷ್ಟಿ ಬಿದ್ದದ್ದು ಖರೆ.
"ಇದರಾಗ ಖಾರನ ಇಲ್ಲ ಅಂದನಲ್ಲ ಆ ಹುಡುಗ,
ಹಂಗಾದ್ರ ಊರಿಗೂರಿಗೇ ದೃಷ್ಟಿ ಬಿದ್ದಂಗಾತು"
ಅಂತ ನಗುತ್ತಾ ಗೇಟು ದಾಟಿದಳು.

ಪುಸ್ತಕದಲ್ಲಿ ಬರೆದೆ: ಹೊರಗೆ, ನೂರ ಆರು ಚೀಲ.
ಮೂರು ಕಾಯಿ ಬರೆಯಲಿಲ್ಲ.